ಬೆಲ್ಲನಿಗೆ ಹಕ್ಕಿ ತರಲು ಕಲಿಸಿದ ವರ್ಷ

ಕಳೆದ ವಾರ ಮ್ಯಾಕಲ್ಸ್‌ಫೀಲ್ಡ್ ಪಟ್ಟಣ ದಾಟಿ ಗುಡ್ಡದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಾಗಿಲು ತೆರೆದೆ. ಮಳೆ ಆಗಷ್ಟೇ ನಿಂತಿತ್ತು. ಕೊಳೆತ ಜರೀಗಿಡದ ವಾಸನೆಯ ಜೊತೆಗೆ ಕೆಳಗಿನ ಕಾಡಿನ ಕಡೆಯಿಂದ ಸುಟ್ಟ ಮದ್ದಿನ ವಾಸನೆಯೂ ಬಂತು. ದೀಪಾವಳಿಯ ಮರುದಿನ ಬೆಳಗ್ಗೆ ಬೀದಿಯಲ್ಲಿ ಇರುತ್ತದಲ್ಲ, ಅದೇ ವಾಸನೆ. ಹಿಂದಿನ ಸೀಟಿನಿಂದ ಇಳಿದ ಬೆಲ್ಲ ಎಂದಿನಂತೆ ಹುಲ್ಲಿಗೆ ಓಡಲಿಲ್ಲ. ನನ್ನ ಎಡಗಾಲಿನ ಪಕ್ಕ ಬಂದು ಕುಳಿತು, ಮೂಗೆತ್ತಿ ಕಾಡಿನ ಕಡೆ ನೋಡತೊಡಗಿದ. ಕುಳಿತುಕೋ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವವರು ಹೋಗಿ ಮೂರನೆಯ ಚಳಿಗಾಲ ಇದು. ನಾನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತೆ.

ಬೆಲ್ಲ ನಮ್ಮ ನಾಯಿ. ಲ್ಯಾಬ್ರಡಾರ್ ರಿಟ್ರೀವರ್ ಜಾತಿ, ಬಣ್ಣ ಅಚ್ಚುಬೆಲ್ಲದ್ದು. ಹೆಸರು ಕೇಳಿದ ಇಲ್ಲಿನ ಇಂಗ್ಲಿಷರು ಅದನ್ನು ತಮ್ಮ 'ಬೆಲ್ಲಾ' ಎಂಬ ಹೆಣ್ಣುಹೆಸರೆಂದುಕೊಂಡು 'ಗುಡ್ ಗರ್ಲ್' ಎನ್ನುತ್ತಾರೆ. ಅವನು ಅದಕ್ಕೂ ಬಾಲ ಆಡಿಸುತ್ತಾನೆ, ಮಾನಾಪಮಾನದ ಚಿಂತೆ ಅವನಿಗಿಲ್ಲ. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹುಡುಕಿ ತರುವ ನಾಯಿಯಾಗಿ ಅವನನ್ನು ತಯಾರು ಮಾಡಿದವರು ನನ್ನ ಗಂಡ ಶ್ರೀಪಾದ. ಅವರು ಧಾರವಾಡದವರು, ಇಲ್ಲಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ನಾನು ಮೈಸೂರಿನವಳು, ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಇಬ್ಬರ ಮನೆಯಲ್ಲೂ ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಅಂಥ ಮನೆಗೆ ಬೇಟೆನಾಯಿ ಹೇಗೆ ಬಂತು ಎಂದು ಕನ್ನಡ ಬಳಗದಲ್ಲಿ ಕೇಳದವರಿಲ್ಲ. ಎಲ್ಲರಿಗೂ ಉತ್ತರ ಕೊಟ್ಟು ನನಗೆ ಸಾಕಾಗಿ ಹೋಗಿತ್ತು.

ಕಾರಣ ಜೀನ್. ಆಪರೇಷನ್ ಥಿಯೇಟರಿನಲ್ಲಿ ಶ್ರೀಪಾದರ ಜೊತೆ ವರ್ಷಾನುಗಟ್ಟಲೆ ಕೆಲಸ ಮಾಡಿದ ನರ್ಸ್, ನಿವೃತ್ತಿಯಾದ ಮೇಲೆ ಗುಡ್ಡದ ಮೇಲಿನ ಸಣ್ಣ ಫಾರ್ಮಿನಲ್ಲಿ ನಾಯಿಗಳೊಂದಿಗೆ ಇದ್ದಾಳೆ. ಅಕ್ಟೋಬರಿನಿಂದ ಜನವರಿ ಮುಗಿಯುವವರೆಗೆ ಇಲ್ಲಿ ಫೆಸೆಂಟ್ ಬೇಟೆ ನಡೆಯುತ್ತದೆ. ಫೆಸೆಂಟ್ ಎಂದರೆ ನಮ್ಮ ಊರಿನ ಹುಂಜದಷ್ಟಿರುವ, ಉದ್ದ ಬಾಲದ ಹಕ್ಕಿ. ಕೋವಿ ಹಿಡಿದವರು ಸಾಲಾಗಿ ಮುಂದೆ ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ, ಬಹಳ ದೂರದಲ್ಲಿ, ಜೀನ್‌ಳಂಥವರು ನಾಯಿಗಳ ಜೊತೆ ಕಾಯುತ್ತಾರೆ. ಗಾಯಗೊಂಡು ಪೊದೆಯೊಳಗೆ ಓಡಿಹೋದ ಹಕ್ಕಿಯನ್ನು ನಾಯಿ ಹುಡುಕಿ ತರಬೇಕು, ತಂದ ಕೂಡಲೇ ಅದರ ನೋವು ಮುಗಿಸಬೇಕು. ಶ್ರೀಪಾದ ಒಂದು ಶನಿವಾರ ಸುಮ್ಮನೆ ನೋಡಲು ಹೋದವರು ಮುಂದಿನ ಶನಿವಾರವೂ ಹೋದರು. ಆಮೇಲೆ ಒಂದು ಸೆಪ್ಟೆಂಬರಿನಲ್ಲಿ ಜೀನ್‌ಳ ನಾಯಿ ಮರಿ ಹಾಕಿದಾಗ ಒಂದನ್ನು ಕೋಟಿನೊಳಗೆ ಇಟ್ಟುಕೊಂಡು ಮನೆಗೇ ತಂದರು.

ನಾನು ರೇಗಿದೆ. "ಜೀವ ತೆಗೆಯೋ ಕಡೆ ನಿಮಗೇನು ಕೆಲಸ?"

"ಹೊಡಿಯೋರು ಹೊಡೀತಾರ, ನಾ ಬ್ಯಾಡಂದ್ರ ಬಿಡ್ತಾರೇನು?" ಎಂದರು ಅವರು. "ಬಿದ್ದದ್ದು ಪೊದಿಯೊಳಗ ರಾತ್ರಿಯೆಲ್ಲಾ ನರಳಬಾರದು. ಮೂವತ್ತು ವರ್ಷ ನಾ ಮಾಡಿದ್ದರ ಮತ್ತೇನು?"

ನಾನು ಒಂದು ಕರಾರು ಹಾಕಿದೆ. ಸತ್ತ ಯಾವುದೂ ನನ್ನ ಹೊಸ್ತಿಲು ದಾಟಬಾರದು. ಕರಿಬೇವು, ತೆಂಗಿನತುರಿ ಇಟ್ಟಿರುವ ನನ್ನ ಫ್ರೀಜರಿನಲ್ಲಂತೂ ಹಕ್ಕಿ ಬೇಡವೇ ಬೇಡ. ಅವರು ಒಪ್ಪಿದರು. ಮರಿ ಅಡುಗೆಮನೆಯ ಮೂಲೆಯಲ್ಲಿ ಮೊಸರನ್ನ ತಿಂದು ಬೆಳೆಯಿತು.

ಬೆಲ್ಲ ಕಲಿತ ಮೊದಲ ಮಾತುಗಳೆಲ್ಲ ಧಾರವಾಡದವು. 'ಕುಂದ್ರು' ಎಂದರೆ ಕೂರುತ್ತಿದ್ದ, 'ನಿಂದ್ರು' ಎಂದರೆ ನಿಲ್ಲುತ್ತಿದ್ದ. ನಾನು ಮೈಸೂರಿನ ಗತ್ತಿನಲ್ಲಿ 'ಕೂತ್ಕೋ' ಎಂದರೆ ಯಾರಿಗೋ ಹೇಳಿದ್ದೆಂಬಂತೆ ನನ್ನ ಮುಖ ನೋಡುತ್ತಿದ್ದ. ನಮ್ಮ ಮಗಳು ಅನಘಾಳಿಗೆ ಕನ್ನಡ ಅರ್ಥವಾದರೂ ಉತ್ತರ ಇಂಗ್ಲಿಷಿನಲ್ಲೇ. ಮೀಡಿಯಾಸಿಟಿಯ ಟಿವಿ ಕೆಲಸದಿಂದ ವಾರಕ್ಕೊಮ್ಮೆ ಮನೆಗೆ ಬಂದಾಗ ಅವಳೂ 'ಕುಂದ್ರು' ಎನ್ನಲು ಕಲಿತಳು. "ಐ ಕೇಮ್ ಸೆಕೆಂಡ್ ಟು ದ ಡಾಗ್ ಇನ್ ಕನ್ನಡ," ಎಂದು ಅಪ್ಪನನ್ನು ಛೇಡಿಸುತ್ತಿದ್ದಳು.

ಕಾಯಿಲೆ ನಾಯಿಗೆ ಮೊದಲು ಗೊತ್ತಾಯಿತು ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಮೊದಲು ಗೊತ್ತಾದದ್ದು ಅವರಿಗೇ. ಯುಗಾದಿ ಕಳೆದು ಕೆಲವು ದಿನಗಳಾಗಿರಬೇಕು, ಬಚ್ಚಲುಮನೆಯ ಕನ್ನಡಿಯ ಮುಂದೆ ನಾಲಿಗೆ ಹೊರಹಾಕಿ ನಿಂತಿದ್ದರು. ಬೆಳಗಿನ ಡ್ಯೂಟಿಗೆ ತಡವಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳಿದೆ.

"ನಾಲಿಗಿ ನೋಡು," ಎಂದರು. "ಒಳಗ ಹುಳ ಹರದಂಗ ಅದ."

ನಾನು ಬಗ್ಗಿ ನೋಡಿದೆ. ನಾಲಿಗೆಯ ಅಂಚು ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು. ಕೆಲವು ವಾರಗಳಿಂದ ಅವರು ನಾಯಿಯನ್ನು ಕರೆದರೆ 'ಬೆಲ್ಲ' ಎನ್ನುವುದು 'ಬೆಯ್ಯ' ಎಂದು ಕೇಳುತ್ತಿತ್ತು. ದಣಿವಿರಬೇಕು ಎಂದುಕೊಂಡಿದ್ದೆ. ನರರೋಗದ ಡಾಕ್ಟರು ಮೇ ತಿಂಗಳಲ್ಲಿ ಹೆಸರು ಹೇಳಿದರು, ಮೋಟಾರ್ ನ್ಯೂರಾನ್ ಕಾಯಿಲೆ. ಶ್ರೀಪಾದರಿಗೆ ಆ ಹೆಸರು ಕನ್ನಡಿಯ ಮುಂದೆಯೇ ಗೊತ್ತಿತ್ತು. ಮೊದಲು ಮಾತು, ಆಮೇಲೆ ಕೈ, ಆಮೇಲೆ ಕಾಲು, ಕೊನೆಗೆ ಉಸಿರು. ಕ್ರಮ ಹಿಂದುಮುಂದಾಗಬಹುದು, ಬಿಟ್ಟುಹೋಗುವುದು ಯಾವುದೂ ಇಲ್ಲ. ಜೀವಮಾನವೆಲ್ಲ ಬೇರೆಯವರ ಉಸಿರು ಕಾದವರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಆಸ್ಪತ್ರೆಯಿಂದ ಬಂದು ಕಾರು ಮನೆಯ ಮುಂದೆ ನಿಲ್ಲಿಸಿದೆ. ಇಬ್ಬರೂ ಇಳಿಯಲಿಲ್ಲ. ಕಿಟಕಿಯಲ್ಲಿ ಬೆಲ್ಲ ಕಾಣುತ್ತಿದ್ದ.

"ಬಾಯಿಂದ ಶುರು ಆದದ್ದು ಲಗೂನ ಮುಗಸ್ತದ," ಎಂದರು. ಆಮೇಲೆ ಅವನನ್ನೇ ನೋಡುತ್ತಾ, "ಈ ಚಳಿಗಾಲ ಇವ ಒಂದ ಹಕ್ಕಿ ತರಬೇಕು. ಒಂದ. ತಂದು ನನ್ನ ಕೈಯಾಗ ಕೊಡಬೇಕು. ಅಷ್ಟ ಸಾಕು ನನಗ."

ಜಗತ್ತಿನಲ್ಲಿ ಬೇರೆ ಆಸೆಯೇ ಇರಲಿಲ್ಲವೇ ಎಂದು ನನಗೆ ಅಳುವಿನ ಜೊತೆ ಸಿಟ್ಟೂ ಬಂತು. ಧಾರವಾಡಕ್ಕೆ ಹೋಗಿ ಅಣ್ಣನನ್ನು ನೋಡಿ ಬರೋಣ ಎನ್ನಬಹುದಿತ್ತು, ಇಬ್ಬರೇ ಎಲ್ಲಾದರೂ ಹೋಗೋಣ ಎನ್ನಬಹುದಿತ್ತು. ಆದರೆ ಆ ದಿನದಿಂದ ನಮ್ಮ ಮನೆಯ ಕ್ಯಾಲೆಂಡರಿಗೆ ಒಂದೇ ಕೆಲಸವಾಯಿತು. ಅವರ ಕೈ ಸೋಲುವುದರೊಳಗೆ ಬೆಲ್ಲ ಕಲಿತಿರಬೇಕು.

ನಿಜವಾದ ಪಾಠ ಜೂನ್‌ನಲ್ಲಿ ಜೀನ್‌ಳ ಹೊಲದಲ್ಲಿ ಶುರುವಾಯಿತು. ಮೊದಲು ಹಕ್ಕಿಯಲ್ಲ, ಹಸಿರು ಕ್ಯಾನ್ವಾಸಿನ ಸಣ್ಣ ಗಂಟು. ಅದನ್ನು ಎಸೆದ ಮೇಲೂ ನಾಯಿ ಕೂತೇ ಇರಬೇಕು. ಕಳಿಸಿದಾಗ ಮಾತ್ರ ಹೋಗಬೇಕು, ಹಲ್ಲು ನಾಟದಂತೆ ಕಚ್ಚಿ ತರಬೇಕು, ಕೈಗೇ ಕೊಡಬೇಕು. ಕೂರುವುದು ಬೆಲ್ಲನಿಗೆ ಬೇಗ ಬಂತು. ಓಡುವುದು ಹುಟ್ಟಿನಿಂದಲೇ ಬಂದಿತ್ತು. ತೊಂದರೆಯಾದದ್ದು ಕೊನೆಯಲ್ಲಿ. ಶ್ರೀಪಾದರಿಗೆ ಎರಡು ಹೆಜ್ಜೆ ದೂರದಲ್ಲಿ ಗಂಟನ್ನು ನೆಲಕ್ಕೆ ಉಗುಳಿ, ಬಾಯಿ ತೆರೆದುಕೊಂಡು ನನ್ನ ಕಡೆ ಓಡಿಬರುತ್ತಿದ್ದ. ಪ್ರತಿ ಸಲವೂ ಹೀಗೇ.

ಜೀನ್ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ಮನೆಯಲ್ಲಿ ಇವನು ಏನಾದರೂ ತಂದುಕೊಟ್ಟರೆ ನೀನು ಏನು ಕೊಡುತ್ತೀ?"

"ಒಂದು ತುಂಡು ಚಪಾತಿ," ಎಂದೆ.

"ಪ್ರತಿ ಸಲ?"

"ಹೌದು. ಪಾಪ, ಅಷ್ಟು ದೂರದಿಂದ ತಂದಿರುತ್ತಾನೆ."

ಚಪ್ಪಲಿ ತಂದರೆ ಚಪಾತಿ, ಪೋಸ್ಟಿನಲ್ಲಿ ಬಂದ ಕವರು ತಂದರೆ ಚಪಾತಿ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದೆಂದು ಅಮ್ಮ ಚಿಕ್ಕಂದಿನಿಂದ ಹೇಳಿ ಹೇಳಿ ನನ್ನ ಕೈಗೆ ಅದೇ ಅಭ್ಯಾಸವಾಗಿತ್ತು. ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ನಾಯಿಯ ಬಾಯಿಂದ ಸುಮ್ಮನೆ ತೆಗೆದುಕೊಳ್ಳಲು ಆ ಕೈಗೆ ಆಗುತ್ತಿರಲಿಲ್ಲ. ಇದನ್ನು ಜೀನ್‌ಗೆ ಹೇಳಿದಾಗ ಅವಳು ನಗಲಿಲ್ಲ. ಹಕ್ಕಿಗೆ ಜೀವವಿರುತ್ತದೆ, ತಿಂಡಿಯ ಆಸೆಗೆ ಇವನು ಬಾಯಿ ತೆರೆದರೆ ಅದು ಮುರಿದ ರೆಕ್ಕೆಯಲ್ಲೇ ಮತ್ತೆ ಪೊದೆಗೆ ನುಗ್ಗುತ್ತದೆ, ಆಮೇಲೆ ಯಾರಿಗೂ ಸಿಗುವುದಿಲ್ಲ ಎಂದು ಮಾತ್ರ ಹೇಳಿದಳು. ಶ್ರೀಪಾದ ನಕ್ಕು ನಕ್ಕು ಕೆಮ್ಮಿದರು. ಬಾಯಿ ಒರೆಸಿಕೊಳ್ಳುತ್ತಾ ನನ್ನ ಕಡೆ ಬೆರಳು ತೋರಿಸಿ, "ಚಪಾತಿ ಬಂದ್," ಎಂದರು. ಅದು ಅವರ ಬಾಯಿಂದ ಸ್ಪಷ್ಟವಾಗಿ ಬಂದ ಕೊನೆಯ ಮಾತುಗಳಲ್ಲೊಂದು.

ಆ ಅಭ್ಯಾಸ ಬಿಡಿಸಲು ಬೇಸಿಗೆಯ ಅರ್ಧ ಹೋಯಿತು. ಶ್ರೀಪಾದ ಮೊಣಕಾಲೂರಿ ಕೂತು, ಎರಡೂ ಅಂಗೈ ಜೋಡಿಸಿ ತೀರ್ಥ ತೆಗೆದುಕೊಳ್ಳುವವರ ಹಾಗೆ ಬೆಲ್ಲನ ಗದ್ದದ ಕೆಳಗೆ ಹಿಡಿಯುತ್ತಿದ್ದರು. ಅಂಗೈ ಗದ್ದಕ್ಕೆ ತಾಗುವವರೆಗೆ ಅವನು ಬಾಯಿ ಬಿಡಬಾರದು. ಬಿಟ್ಟರೆ ಬೈಗುಳವಿಲ್ಲ, ಮತ್ತೆ ಮೊದಲಿಂದ. ಮನೆಯಲ್ಲೂ ಅದೇ ನಿಯಮ. ನಾನು ಚಪಾತಿ ಲಟ್ಟಿಸುವಾಗ ಬೆಲ್ಲ ಅಡುಗೆಮನೆಯ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನಾನು ಅವನ ಕಣ್ಣು ತಪ್ಪಿಸುತ್ತಿದ್ದೆ. ಅನಘಾಳಿಗೆ ಚಿಕ್ಕಂದಿನಲ್ಲಿ ಪಥ್ಯ ಮಾಡಿಸುವಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಜುಲೈ ಮುಗಿಯುವಾಗ 'ಕುಂದ್ರು' ಬರೀ ಒಂದು ಉಸಿರಾಯಿತು. ಬೆಲ್ಲ ತಲೆ ಓರೆ ಮಾಡಿ ಕೇಳುತ್ತಿದ್ದ. ಒಂದು ದಿನ ಶ್ರೀಪಾದ ಮಾತಿನ ಜೊತೆ ಅಂಗೈ ಎತ್ತಿದರು, ಅವನು ಕೂತ. ಅಲ್ಲಿಂದ ಮುಂದೆ ಕೈಯೇ ಮಾತು. ಎತ್ತಿದರೆ ಕೂರು, ಎಡಕ್ಕೆ ಚಾಚಿದರೆ ಎಡಕ್ಕೆ, ಮುಂದಕ್ಕೆ ಬಾಗಿ ತಳ್ಳಿದರೆ ಹೋಗು. ಆದರೆ ಬೆನ್ನು ಮಾಡಿ ದೂರ ಓಡುತ್ತಿರುವ ನಾಯಿಗೆ ಕೈ ಕಾಣುವುದಿಲ್ಲ. ಅದನ್ನು ತಡೆದು ತಿರುಗಿಸಲು ಸೀಟಿ ಬೇಕು. ಶ್ರೀಪಾದ ಸೀಟಿ ಬಾಯಿಗಿಟ್ಟರೆ ತುಟಿ ಬಿಗಿಯಾಗುತ್ತಿರಲಿಲ್ಲ, ಗಾಳಿ ಎರಡೂ ಕಡೆಯಿಂದ ಸೋರಿಹೋಗುತ್ತಿತ್ತು. ಮೂರು ಸಲ ಪ್ರಯತ್ನಿಸಿದರು. ಆಮೇಲೆ ಅದನ್ನು ಕೊರಳಿನಿಂದ ತೆಗೆದು, ಕೋಟಿಗೆ ಒರೆಸಿ, ನನ್ನ ಕೊರಳಿಗೆ ಹಾಕಿದರು.

ಹಕ್ಕಿಬೇಟೆಯ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ನಾನು ಆ ಹೊಲದಲ್ಲಿ ಅವರ ಪಕ್ಕ ನಿಂತು ಸೀಟಿ ಊದಲು ಕಲಿತೆ. ನಾನು ಊದುತ್ತಿದ್ದೆ, ಬೆಲ್ಲ ನಿಂತು ತಿರುಗುತ್ತಿದ್ದ, ನನ್ನನ್ನು ದಾಟಿ ಅವರ ಕೈಯನ್ನು ನೋಡುತ್ತಿದ್ದ. ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಉಸಿರು ಮಾತ್ರ ನನ್ನದು, ಹೇಳುವವರು ಅವರು ಎಂದು ಅವನಿಗೆ ಗೊತ್ತಿತ್ತು.

ಆ ಹೊತ್ತಿಗೆ ಆಸ್ಪತ್ರೆಯಿಂದ ಮಾತಾಡುವ ಟ್ಯಾಬ್ಲೆಟ್ ಯಂತ್ರ ಬಂದಿತ್ತು. ಬೆರಳಲ್ಲಿ ಬರೆದರೆ ಅದು ಓದಿ ಹೇಳುತ್ತದೆ, ಬೆರಳು ಹೋದ ಮೇಲೆ ಕಣ್ಣಿನಿಂದಲೂ ಬರೆಯಬಹುದು. ಕನ್ನಡ ಅದಕ್ಕೆ ಬಾರದು. ಶ್ರೀಪಾದ ಧಾರವಾಡದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರು, ಯಂತ್ರ ಅದನ್ನು ಸೂಟು ಹಾಕಿಕೊಂಡ ದೊರೆಯ ಧ್ವನಿಯಲ್ಲಿ ಓದಿತು. "ಅಪ್ಪ, ಯು ಸೌಂಡ್ ಲೈಕ್ ಎ ನ್ಯೂಸ್‌ರೀಡರ್," ಎಂದು ಅನಘಾ ನಕ್ಕಳು, ನಂತರ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರಿನಲ್ಲಿ ಜೀನ್ ತನ್ನ ಕೊಟ್ಟಿಗೆಯ ಫ್ರೀಜರಿನಿಂದ ಹಿಂದಿನ ವರ್ಷದ ಫೆಸೆಂಟ್ ತೆಗೆದು ಪಾಠಕ್ಕೆ ಇಟ್ಟಳು. ನಾನು ಗೋಡೆಯ ಕಡೆ ತಿರುಗಿ ಸೀಟಿ ಊದಿದೆ. ಬೆಲ್ಲ ಗಂಟು ತಂದ ಹಾಗೆಯೇ ಹಕ್ಕಿಯನ್ನೂ ತಂದ. ಎಲ್ಲ ಸಿದ್ಧವಾಯಿತು ಎಂದುಕೊಂಡು ಅಕ್ಟೋಬರಿನಲ್ಲಿ ನಿಜವಾದ ಬೇಟೆಗೆ ಹೋದೆವು. ಮೊದಲ ಕೋವಿ ಸಿಡಿದು ಮೊದಲ ಹಕ್ಕಿ ಬಿದ್ದದ್ದೇ ತಡ, ಬೆಲ್ಲ ಯಾರಿಗೂ ಕಾಯದೆ ಬಾಣ ಬಿಟ್ಟಂತೆ ಓಡಿದ. ಸೀಟಿ ಊದಿದೆ, ಊದಿದೆ, ಕೇಳಲೇ ಇಲ್ಲ. ಕೂತಿದ್ದ ಹತ್ತಾರು ಹಕ್ಕಿಗಳು ಕೋವಿಗೆ ಸಿಗದಂತೆ ಒಮ್ಮೆಲೇ ಎದ್ದುಹೋದವು. ಕೋವಿ ಹಿಡಿದವರೆಲ್ಲ ನಮ್ಮ ಕಡೆ ತಿರುಗಿದರು.

ಜೀನ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಇವತ್ತು ಕರೆದುಕೊಂಡು ಹೋಗಿ. ಇನ್ನೂ ಆಗಿಲ್ಲ."

"ಸಮಯ ಇಲ್ಲ ಜೀನ್, ನಿನಗೆ ಗೊತ್ತು," ಎಂದೆ.

"ಗೊತ್ತು. ಆದರೂ ಆಗಿಲ್ಲ."

ಕಾರಿನಲ್ಲಿ ಶ್ರೀಪಾದ ಮುಷ್ಟಿಯಿಂದ ತೊಡೆಗೆ ಹೊಡೆದುಕೊಂಡರು. ಆ ಏಟಿನಲ್ಲಿ ಬಲವೇ ಇರಲಿಲ್ಲ. ಅದನ್ನು ಅವರೂ ಗಮನಿಸಿದರು, ಕೈಯನ್ನೇ ನೋಡುತ್ತಾ ಕೂತರು. ಆ ತಿಂಗಳು ಬಲಗೈ ಹೆಗಲಿನ ಮೇಲಕ್ಕೆ ಏಳುವುದು ನಿಂತಿತು.

ನವೆಂಬರಿನ ಮಳೆಯಲ್ಲಿ ಮತ್ತೆ ಮೊದಲಿಂದ. ಕಾರ್ಖಾನೆಯ ಪಾಳಿ ಬದಲಾಯಿಸಿಕೊಂಡು ಮಧ್ಯಾಹ್ನಗಳಲ್ಲಿ ಹೋಗುತ್ತಿದ್ದೆ. ಜೀನ್ ಕೋವಿ ಸಿಡಿಸುವಳು, ಗಂಟು ಬೀಳುವುದು, ಬೆಲ್ಲ ನಡುಗುತ್ತಾ ಕೂತಿರುವನು. ಹತ್ತರಲ್ಲಿ ಒಂಬತ್ತನ್ನು ತರಲು ಅವನನ್ನು ಬಿಡುತ್ತಲೇ ಇರಲಿಲ್ಲ, ನಾನೇ ಕೆಸರಿನಲ್ಲಿ ಹೋಗಿ ಹೆಕ್ಕಿ ತರುತ್ತಿದ್ದೆ. ಬೀಳುವುದೆಲ್ಲ ತನ್ನದಲ್ಲ ಎಂದು ಅವನು ಕಲಿಯಬೇಕಿತ್ತು. ಶ್ರೀಪಾದ ಮೊದಲು ನಿಂತು, ಆಮೇಲೆ ಮಡಚುವ ಕುರ್ಚಿಯಲ್ಲಿ, ಆಮೇಲೆ ಗಾಲಿಕುರ್ಚಿಯಲ್ಲಿ ಕೂತು ಕಲಿಸಿದರು. ಕೈಯ ಅಪ್ಪಣೆ ಮೊಣಕೈಗೆ ಇಳಿಯಿತು, ಮೊಣಕೈಯಿಂದ ಮಣಿಕಟ್ಟಿಗೆ. ಡಿಸೆಂಬರಿನ ಹೊತ್ತಿಗೆ ಎರಡೂ ಕೈ ತೊಡೆಯ ಮೇಲಿಟ್ಟಲ್ಲೇ ಇರುತ್ತಿದ್ದವು. ತಲೆಯನ್ನು ಮುಂದಕ್ಕೆ ಬಾಗಿಸುವುದೊಂದು ಉಳಿದಿತ್ತು. ಬೆಲ್ಲನಿಗೆ ಅಷ್ಟೇ ಸಾಕಾಯಿತು.

ಜನವರಿಯಲ್ಲಿ ಊಟ ಕೊಡಲು ಅವರ ಹೊಟ್ಟೆಗೆ ಕೊಳವೆ ಹಾಕುವುದೆಂದು ನಿಶ್ಚಯವಾಗಿತ್ತು. ಅದಾದ ಮೇಲೆ ಗುಡ್ಡದ ಚಳಿಗೆ ಕರೆತರುವ ಮಾತೇ ಇರಲಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ಜೀನ್ ಫೋನ್ ಮಾಡಿ, "ಬನ್ನಿ," ಎಂದಳು.

ಮಂಜು ನೆಲಕ್ಕೆ ಇಳಿದಿತ್ತು. ಜೀನ್‌ಳ ಲ್ಯಾಂಡ್ ರೋವರಿನಲ್ಲಿ ಕಾಡಿನ ಹಿಂಬದಿಗೆ ಹೋಗಿ, ತೊರೆಯ ಈಚೆಗೆ ಗಾಲಿಕುರ್ಚಿ ಇಳಿಸಿದೆವು. ಶ್ರೀಪಾದರಿಗೆ ಎರಡು ಕಂಬಳಿ ಹೊದಿಸಿ, ಕೈಗಳನ್ನು ತೊಡೆಯ ಮೇಲೆ ಜೋಡಿಸಿದೆ. ಬೆಲ್ಲ ಅವರ ಎಡಗಡೆ ಕೂತ. ಬೆಳಗಿನಿಂದ ಕೋವಿಗಳು ಸಿಡಿದವು, ಹಕ್ಕಿಗಳು ಬಿದ್ದವು, ಜೀನ್‌ಳ ನಾಯಿಗಳು ತಂದವು. ಬೆಲ್ಲ ಮೈಯೆಲ್ಲ ನಡುಗಿದ, ಏಳಲಿಲ್ಲ. ಮಧ್ಯಾಹ್ನದ ಕೊನೆಯ ಸುತ್ತಿನಲ್ಲಿ ಒಂದು ಹಕ್ಕಿ ರೆಕ್ಕೆಗೆ ಏಟು ಬಿದ್ದು ನಮ್ಮ ತಲೆಯ ಮೇಲಿಂದ ಓರೆಯಾಗಿ ಹೋಗಿ, ತೊರೆಯಾಚೆಯ ಜರೀಗಿಡದಲ್ಲಿ ಬಿತ್ತು. ಬಿದ್ದದ್ದು ಎದ್ದು ಓಡಿದ್ದನ್ನು ನಾನೇ ನೋಡಿದೆ. ಜೀನ್‌ಳ ನಾಯಿ ಎದ್ದುನಿಂತಿತು. ಜೀನ್ ಅದರ ಕೊರಳಪಟ್ಟಿ ಹಿಡಿದಳು.

"ಡಾಕ್ಟರ್, ಅದು ನಿಮ್ಮದು," ಎಂದಳು.

ಶ್ರೀಪಾದ ತಲೆ ಬಾಗಿಸಿದರು. ಬೆಲ್ಲ ಹೋದ. ನೀರು ಚಿಮ್ಮಿತು, ಮಂಜಿನಲ್ಲಿ ಅವನ ಬಣ್ಣವೂ ಒಣಗಿದ ಜರೀಗಿಡದ ಬಣ್ಣವೂ ಒಂದಾಗಿ ಕಾಣದಾಯಿತು. ನಾನು ಸೀಟಿ ಬಾಯಲ್ಲಿಟ್ಟುಕೊಂಡಿದ್ದೆ, ಊದಲಿಲ್ಲ. ಆಚೆ ಏನಿದೆಯೋ ನಮಗೆ ಗೊತ್ತಿಲ್ಲ, ಅವನ ಮೂಗಿಗೆ ಗೊತ್ತು. ಶ್ರೀಪಾದ ಕಣ್ಣು ಮುಚ್ಚದೆ ಆ ಕಡೆಯೇ ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ. ಜೀನ್ ಇನ್ನೊಂದು ನಾಯಿಯನ್ನು ಕಳಿಸಲೇ ಎಂದು ನನ್ನನ್ನು ಕಣ್ಣಿನಲ್ಲೇ ಕೇಳಿದಳು. ನಾನು ಬೇಡ ಎಂದು ತಲೆಯಾಡಿಸಿದೆ.

ಆಮೇಲೆ ಮತ್ತೆ ನೀರಿನ ಸದ್ದು. ಬೆಲ್ಲ ತೊರೆಯಿಂದ ಮೇಲೆ ಬಂದ. ಬಾಯಲ್ಲಿ ಕಂದು ಬಣ್ಣದ ಹೆಣ್ಣು ಫೆಸೆಂಟ್, ತಲೆಯೆತ್ತಿ ಪಿಳಿಪಿಳಿ ನೋಡುತ್ತಿತ್ತು. ಒಂದು ಗರಿಯೂ ಮುರಿದಿರಲಿಲ್ಲ, ಏಟು ಬಿದ್ದ ರೆಕ್ಕೆ ಮಾತ್ರ ಇಳಿಬಿದ್ದಿತ್ತು. ಅವನು ನೇರ ಬಂದು ಶ್ರೀಪಾದರ ಮೊಣಕಾಲ ಮುಂದೆ ನಿಂತು ಗದ್ದ ಎತ್ತಿದ.

ಕೈಗಳು ಏಳಲಿಲ್ಲ. ಶ್ರೀಪಾದರ ಕುತ್ತಿಗೆಯ ನರ ಉಬ್ಬಿದ್ದು ಕಂಡಿತು, ತೊಡೆಯ ಮೇಲೆ ಒಂದು ಬೆರಳು ಅಲುಗಿತು, ಅಷ್ಟೇ. ಬೆಲ್ಲ ಕಾದ. ಅವನ ದವಡೆ ನಡುಗುತ್ತಿತ್ತು, ತೊರೆಯ ನೀರು ಹೊಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಜೀನ್ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟಳು. ನಾನು ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ, ಅವರ ಎರಡೂ ಕೈಗಳ ಕೆಳಗೆ ನನ್ನ ಕೈಗಳನ್ನಿಟ್ಟು, ಅಂಗೈ ಜೋಡಿಸಿ ಎತ್ತಿದೆ. ಅವರ ಕೈ ಮಂಜುಗಡ್ಡೆಯಾಗಿತ್ತು. ಬೆಲ್ಲನ ಗದ್ದಕ್ಕೆ ಅದು ತಾಗಿದ ಕೂಡಲೇ ಅವನು ಬಾಯಿ ಬಿಟ್ಟ. ಹಕ್ಕಿಯ ಭಾರ ಮೊದಲು ಅವರ ಕೈಗೆ, ಅಲ್ಲಿಂದ ನನ್ನ ಕೈಗೆ ಬಂತು. ಅದರ ಎದೆ ಹೊಡೆದುಕೊಳ್ಳುವುದು ಅವರ ಬೆರಳುಗಳ ಸಂದಿಯಿಂದ ನನಗೆ ತಿಳಿಯಿತು. ಶ್ರೀಪಾದ ಅಳುತ್ತಿದ್ದರು, ಬಾಯಿ ನಗುವಿನಂತೆ ತೆರೆದಿತ್ತು. ಜೀನ್ ಹಕ್ಕಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು, ಅತ್ತ ತಿರುಗಿ, ಒಂದೇ ಕ್ಷಣದಲ್ಲಿ ಅದರ ನೋವು ಮುಗಿಸಿದಳು.

ಮನೆಗೆ ಬಂದಾಗ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ಶ್ರೀಪಾದರನ್ನು ಅಡುಗೆಮನೆಯಲ್ಲಿ ಹೀಟರಿನ ಪಕ್ಕ ಕೂರಿಸಿ, ಟ್ಯಾಬ್ಲೆಟನ್ನು ಕಣ್ಣಿನ ನೇರಕ್ಕೆ ಇಟ್ಟು, ನನಗೂ ಅನಘಾಳಿಗೂ ಚಪಾತಿ ಮಾಡತೊಡಗಿದೆ. ಅವರಿಗೆ ಗಂಜಿ. ಬೆಲ್ಲ ಬಾಗಿಲಲ್ಲಿ ಕೂತಿದ್ದ. ನಾನು ಅಭ್ಯಾಸದಂತೆ ಅವನ ಕಡೆ ನೋಡಲಿಲ್ಲ. ಬೆನ್ನ ಹಿಂದೆ ಶ್ರೀಪಾದ ಕಣ್ಣಿನಿಂದ ಒಂದೊಂದೇ ಅಕ್ಷರ ಆರಿಸುತ್ತಿದ್ದರು. ಎರಡು ಚಪಾತಿ ಬೆಂದು ಮೂರನೆಯದು ಹೆಂಚಿನ ಮೇಲಿದ್ದಾಗ ಯಂತ್ರ ದೊರೆಯ ಗತ್ತಿನಲ್ಲಿ ಧಾರವಾಡದ ಕನ್ನಡ ಮಾತಾಡಿತು.

"ಈಗಾ ಅವ್‌ಗಾ ಚಪಾಟಿ ಕೊಡೂ."

ನಾನು ತಿರುಗಿ ನೋಡಿದೆ. ಅವರು ಕಣ್ಣಿನಿಂದ ನಾಯಿಯನ್ನು ತೋರಿಸಿದರು. ಬಿಸಿ ಚಪಾತಿಗೆ ತುಪ್ಪ ಸವರಿ, ಆರಿಸಿ, ಎರಡೂ ಅಂಗೈಯ ಮೇಲೆ ಇಡಿಯಾಗಿ ಇಟ್ಟು ಅವನ ಮುಂದೆ ಹಿಡಿದೆ. ಬೆಲ್ಲ ಅದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಅವರ ಕಡೆ ತಿರುಗಿ ಕಾದ. ಶ್ರೀಪಾದ ತಲೆ ಬಾಗಿಸಿದರು.